ಅವ್ವನ ಪಾಲು, ನಮ್ಮ ಹಾಲು

ಬೇಸಿಗೆ ರಜೆ ಶುರುವಾಗುವುದಕ್ಕೆ ಇನ್ನೂ ಹದಿನೈದು ದಿನ ಇತ್ತು. ಏಳನೇ ತರಗತಿ ಓದುವ ನನ್ನ ಮಗಳು ಪುಟ್ಟಿ ಒಂದು ಶನಿವಾರ ಮಧ್ಯಾಹ್ನ ಮೂವರು ಗೆಳತಿಯರನ್ನು ಮನೆಗೆ ಕರೆತಂದಳು. ಮಕ್ಕಳನ್ನು ಕಂಡರೆ ಅವ್ವನಿಗೆ ಎಲ್ಲಿಲ್ಲದ ಸಡಗರ. ಅಡುಗೆಮನೆಯಿಂದಲೇ ಇಣುಕಿ, "ಪಾಲು ತಾಗುತಾರಾ ಅಮ್ಮಾ?" ಎಂದು ಕೇಳಿದಳು.

ಅವ್ವ ಎಂದರೆ ನನ್ನ ಅಮ್ಮ. ಉತ್ತರ ಕರ್ನಾಟಕದ ಕಡೆ ತಾಯಿಯನ್ನು ಅವ್ವ ಎನ್ನುತ್ತಾರೆ. ಕೋಲಾರ ಜಿಲ್ಲೆಯ, ತೆಲುಗು ಮನೆಮಾತಿನ ನಮ್ಮಂಥವರಿಗೆ ಅವ್ವ ಎಂದರೆ ಅಜ್ಜಿ. ಪುಟ್ಟಿ ಕರೆಯುವ ಹೆಸರೇ ಈಗ ನಮ್ಮೆಲ್ಲರ ಬಾಯಲ್ಲೂ ನಿಂತಿದೆ.

ಅವ್ವ ಕೇಳಿದ್ದು "ಹಾಲು ಕುಡಿಯುತ್ತೀರಾ?" ಎಂದು. ಗೆಳತಿಯರಲ್ಲಿ ಒಬ್ಬಳು, "ಪಾಲಾ? ಯಾವ ಪಾಲು ಅಜ್ಜಿ, ಆಸ್ತಿ ಪಾಲಾ?" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವ್ವನೂ ಏನೆಂದು ತಿಳಿಯದೆ ಅವರ ಜೊತೆ ನಕ್ಕಳು. ಪುಟ್ಟಿ ಮಾತ್ರ ನಗಲಿಲ್ಲ. ಗೆಳತಿಯರು ಹೋದ ಮೇಲೆ, "ಅವ್ವಾ, ನನ್ನ ಫ್ರೆಂಡ್ಸ್ ಬಂದಾಗ ನೀನು ಮಾತಾಡಬೇಡ. ನಿನ್ನದು ಸರಿಯಾದ ಕನ್ನಡಾನೂ ಅಲ್ಲ, ಸರಿಯಾದ ತೆಲುಗೂ ಅಲ್ಲ" ಎಂದುಬಿಟ್ಟಳು.

ಅವ್ವ ಏನೂ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಕೇಳಿದ್ದಕ್ಕೆ "ಹ್ಞೂಂ", "ಉಹೂಂ", ಅಷ್ಟೇ. ದಿನವಿಡೀ ತರಕಾರಿಯವನ ಜೊತೆ, ಪಕ್ಕದ ಮನೆಯವರ ಜೊತೆ, ಯಾರೂ ಸಿಗದಿದ್ದರೆ ತುಳಸಿ ಗಿಡದ ಜೊತೆ ಮಾತಾಡುತ್ತಿದ್ದ ಹೆಂಗಸು ಸುಮ್ಮನಾದರೆ ಮನೆ ಹೇಗಿರುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ಪುಟ್ಟಿಗೂ ಗೊತ್ತಾಯಿತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಎರಡು ಸಂಗತಿ ಒಟ್ಟಿಗೆ ಬಂದವು. ಶ್ರೀನಿವಾಸಪುರ ತಾಲ್ಲೂಕಿನ ನಮ್ಮೂರಿನ ಹಳೇ ಹೆಂಚಿನ ಮನೆಯನ್ನು ಕೆಡವಿ ತಾರಸಿ ಮನೆ ಕಟ್ಟುವುದೆಂದು ನನ್ನ ಅಣ್ಣ ತಿಳಿಸಿದ. ಹೆಂಚು ಇಳಿಸುವ ಮುಂಚೆ ಒಮ್ಮೆ ನೋಡಬೇಕೆಂಬುದು ಅವ್ವನ ಆಸೆ. ಇನ್ನೊಂದು, ಶಾಲೆಯಿಂದ ಪುಟ್ಟಿಗೆ ರಜೆಯ ಕೆಲಸ ಕೊಟ್ಟಿದ್ದರು: 'ನಮ್ಮ ಜಿಲ್ಲೆಯ ಊರುಗಳ ಹೆಸರಿನ ಕಥೆ'. ನಾನು ಕಾಲೇಜಿನಲ್ಲಿ ಕನ್ನಡ ಎಂ.ಎ. ಓದಿದವಳು. ಈಗ ಕಚೇರಿಯ ಕಡತಗಳ ನಡುವೆ ಅದೆಲ್ಲ ಮರೆತಿದ್ದರೂ ಶಾಸನಗಳ ಮೇಲಿನ ಆಸೆ ಮಾತ್ರ ಬಿಟ್ಟಿಲ್ಲ. ನೇರವಾಗಿ ಊರಿಗೆ ಹೋಗುವ ಬದಲು ಮಾಲೂರು, ಕೋಲಾರ, ಮುಳಬಾಗಿಲು ಸುತ್ತಿಕೊಂಡು ಹೋಗೋಣ ಎಂದೆ. ನಮ್ಮವರು ಕಾರು ತೊಳೆದರು. ಪುಟ್ಟಿ ನೂರು ಹಾಳೆಯ ನೋಟುಪುಸ್ತಕ ತಂದಳು. ಅವ್ವ ಒಂದು ಚೀಲದಲ್ಲಿ ಚಕ್ಕುಲಿ ತುಂಬಿಕೊಂಡು ಸುಮ್ಮನೆ ಬಂದು ಕೂತಳು.

ಮಾಲೂರಿನ ಹೆಂಚು

ಬೆಂಗಳೂರು ಹಿಂದಾಗುತ್ತಿದ್ದಂತೆ ನೀಲಗಿರಿ ತೋಪುಗಳು ಶುರುವಾದವು. ಮಾಲೂರು ಹೆಂಚಿಗೆ, ಇಟ್ಟಿಗೆಗೆ ಹೆಸರಾದ ಊರು. ಈ ಊರಿನ ಹೆಸರು ಮೊದಲು ಮಲ್ಲಿಕಾಪುರ, ಅಂದರೆ ಮಲ್ಲಿಗೆಯ ಪುರ ಎಂದಿತ್ತು ಎಂದು ಹಿರಿಯರು ಹೇಳುತ್ತಾರೆ. ಹೂಮಾಲೆಯ ಊರು ಮಾಲೂರು ಎನ್ನುವವರೂ ಇದ್ದಾರೆ. ಪುಟ್ಟಿ ಎರಡನ್ನೂ ಬರೆದುಕೊಂಡು, "ಎರಡರಲ್ಲಿ ಯಾವುದು ನಿಜ?" ಎಂದಳು. "ಜನ ಹೇಳುವ ಕಥೆ ಒಂದು, ಕಲ್ಲಿನ ಮೇಲೆ ಬರೆದದ್ದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಪುಟ ಇಡು" ಎಂದೆ. ಆ ಬುದ್ಧಿವಾದ ಇಡೀ ಪ್ರಯಾಣದಲ್ಲಿ ನಮಗೆ ಉಪಯೋಗಕ್ಕೆ ಬಂತು.

ರಸ್ತೆ ಪಕ್ಕದ ಅಂಗಳವೊಂದರಲ್ಲಿ ಹೆಂಚುಗಳನ್ನು ಗೋಡೆಯ ಹಾಗೆ ಜೋಡಿಸಿದ್ದರು. ಅದನ್ನು ನೋಡುತ್ತಿದ್ದ ಅವ್ವ ತನಗೆ ತಾನೇ ಎಂಬಂತೆ, "ಎನ್ನಿ ಪೆಂಕುಲು!" ಎಂದಳು. ಎಷ್ಟೊಂದು ಹೆಂಚು! ನಾಲ್ಕು ದಿನದಲ್ಲಿ ಅವಳ ಬಾಯಿಂದ ಬಂದ ಮೊದಲ ಪೂರ್ತಿ ಮಾತು ಅದು.

ನನಗೆ ತಟ್ಟನೆ ಹೊಳೆಯಿತು. "ಪುಟ್ಟಿ, ಹೆಂಚು ಅನ್ನೋದರ ಹಳಗನ್ನಡ ರೂಪ ಏನು ಗೊತ್ತಾ? ಪೆಂಚು. ಅವ್ವ ಹೇಳಿದ್ದು ಪೆಂಕು. ಈಗ ನೋಡು, ಒಂದು ಆಟ ಆಡೋಣ. ಕನ್ನಡದಲ್ಲಿ ಹಕಾರದಿಂದ ಶುರುವಾಗುವ ಮಾತು ಹೇಳು. ಅವ್ವ ಅದನ್ನ ತೆಲುಗಲ್ಲಿ ಹೇಳ್ತಾಳೆ."

ಪುಟ್ಟಿ ಅನುಮಾನದಿಂದಲೇ ಶುರು ಮಾಡಿದಳು. ಹುಲಿ ಎಂದಳು. ಅವ್ವ, "ಪುಲಿ" ಎಂದಳು. ಹಲ್ಲು? "ಪಲ್ಲು". ಹೂವು? "ಪುವ್ವು". ಹಾವು? "ಪಾಮು". ಹಣ್ಣು? "ಪಂಡು". ಹಗಲು? "ಪಗಲು". ಪುಟ್ಟಿಯ ಕಣ್ಣು ಅರಳಿತು. ಹುರುಪಿನಲ್ಲಿ ಅವಳು "ಹನುಮಂತ?" ಎಂದಳು. "ಪನುಮಂತುಡಾ! ನೀ ಮೊಕಂ!" ಎಂದು ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ಹನುಮಂತ ಸಂಸ್ಕೃತದಿಂದ ಬಂದ ಹೆಸರು. ಅವನು ಈ ಆಟಕ್ಕೆ ಸೇರುವವನಲ್ಲ. ಆಟಕ್ಕೆ ಯಾವ ಮಾತು ಸೇರುವುದಿಲ್ಲ ಎಂಬುದನ್ನು ಕಂಡುಕೊಳ್ಳುವುದೂ ಆಟದ ಒಂದು ಭಾಗವೇ.

ಇದರ ಹಿಂದಿನ ಸಂಗತಿ ಇಷ್ಟು. ಹಳಗನ್ನಡದಲ್ಲಿ ಈ ಮಾತುಗಳೆಲ್ಲ ಪಕಾರದಿಂದಲೇ ಶುರುವಾಗುತ್ತಿದ್ದವು. ಪುಲಿ, ಪಾವು, ಪಗಲ್, ಪಳ್ಳಿ, ಪಾಲ್. ಸುಮಾರು 10ನೇ ಶತಮಾನದಿಂದ 14ನೇ ಶತಮಾನದ ಹೊತ್ತಿಗೆ ಕನ್ನಡಿಗರ ಬಾಯಲ್ಲಿ ಆ ಪಕಾರ ಮೆಲ್ಲಮೆಲ್ಲನೆ ಹಕಾರವಾಯಿತು. ತೆಲುಗು, ತಮಿಳಿನವರು ಪಕಾರವನ್ನು ಹಾಗೆಯೇ ಉಳಿಸಿಕೊಂಡರು. ಅಂದರೆ 10ನೇ ಶತಮಾನದ ಪಂಪನ ಮನೆಗೆ ಅವ್ವ ಹೋಗಿ "ಪಾಲು" ಎಂದಿದ್ದರೆ ಅಲ್ಲಿ ಯಾರೂ ನಗುತ್ತಿರಲಿಲ್ಲ.

ಇದನ್ನು ಹೇಳಿದಾಗ ಪುಟ್ಟಿ ಕಿಟಕಿಯ ಕಡೆ ತಿರುಗಿ ಕೂತಳು. ನಾನು ಮುಂದುವರಿಸಲಿಲ್ಲ.

ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ 1891ರಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಹುಟ್ಟಿದರು. ಅವರ ಹೆಸರಿನಲ್ಲಿರುವ ಮಾಸ್ತಿಯೂ ಇದೇ ತಾಲ್ಲೂಕಿನ ಊರು. ಅವರ ಮನೆಮಾತು ತಮಿಳು. ಕಥೆ ಬರೆದದ್ದು ಕನ್ನಡದಲ್ಲಿ. 1983ರ ಜ್ಞಾನಪೀಠ ಪ್ರಶಸ್ತಿ ಬಂದದ್ದು ಅವರ ಕನ್ನಡ ಕಾದಂಬರಿ 'ಚಿಕವೀರ ರಾಜೇಂದ್ರ'ಕ್ಕೆ. ಹೊಂಗೆಯ ನೆರಳಿದ್ದ ಹಳ್ಳಿ ಇರಬೇಕು ಎಂದು ಊರಿನ ಹೆಸರೇ ಹೇಳುವಂತಿದೆ. ಹೊಂಗೆಗೆ ತಮಿಳಿನಲ್ಲಿ ಪುಂಗು, ಪುಂಗಂ ಎನ್ನುತ್ತಾರೆ. ಸಸ್ಯಶಾಸ್ತ್ರದವರು ಆ ಮರಕ್ಕೆ ಇಟ್ಟ ಪೊಂಗಾಮಿಯ ಎಂಬ ಹೆಸರೂ ನಮ್ಮ ದಕ್ಷಿಣದ ಮಾತಿನಿಂದಲೇ ಹೋದದ್ದು. ಪುಟ್ಟಿ ತಾನೇ ಕಂಡುಹಿಡಿದವಳಂತೆ, "ಅಲ್ಲೂ ಪ, ಇಲ್ಲಿ ಹ!" ಎಂದು ಪುಸ್ತಕದಲ್ಲಿ ಬರೆದುಕೊಂಡಳು.

ಸದ್ದು ಒಂದಾದರೆ ನಂಟೇ?

ಕೋಲಾರದ ದಾರಿಯಲ್ಲಿ ಪುಟ್ಟಿಗೆ ಇತಿಹಾಸದ ಪಾಠ ನೆನಪಾಯಿತು. "ಅಮ್ಮಾ, ಸುಮೇರಿಯದಲ್ಲಿ ಉರ್ ಅಂತ ಒಂದು ನಗರ ಇತ್ತಲ್ಲ. ಅದೇ ನಮ್ಮ ಊರು ಇರಬಹುದಾ?"

ಒಳ್ಳೆಯ ಪ್ರಶ್ನೆ. ಈಗಿನ ಇರಾಕಿನಲ್ಲಿದ್ದ ಸುಮೇರಿಯನ್ನರ ಭಾಷೆಯಲ್ಲಿ ನಗರಕ್ಕೆ ಉರು ಎಂದೇ ಹೇಳುತ್ತಿದ್ದರು. ಕೇಳಿದರೆ ಮೈ ಝುಂ ಎನ್ನುತ್ತದೆ. ಆದರೆ ಒಂದು ಮಾತು ಇನ್ನೊಂದರ ಹಾಗೆ ಕೇಳಿಸಿದ ಮಾತ್ರಕ್ಕೆ ನಂಟು ಎನ್ನಲಾಗದು. ಸಂತೆಯಲ್ಲಿ ನಿನ್ನ ಹಾಗೇ ಮೂಗಿರುವ ಹುಡುಗಿ ಕಂಡರೆ ಅವಳು ನಿನ್ನ ತಂಗಿ ಆಗುತ್ತಾಳೆಯೇ? ಮನೆಮಂದಿಯೆಲ್ಲ ಹೋಲಬೇಕು. ಹೋಲುವುದಕ್ಕೆ ಒಂದು ಕ್ರಮ ಇರಬೇಕು. ಹುಲಿ-ಪುಲಿ, ಹಲ್ಲು-ಪಲ್ಲು, ಹೂವು-ಪುವ್ವು ಎಂದು ಸಾಲುಸಾಲಾಗಿ ಒಂದೇ ಕ್ರಮದಲ್ಲಿ ಹೋಲಿದರೆ ಆಗ ಒಂದೇ ಮನೆಯವರು ಎನ್ನಬಹುದು.

ದಕ್ಷಿಣದ ಭಾಷೆಗಳು ಒಂದೇ ಕುಟುಂಬದವು ಎಂಬುದನ್ನು 1816ರಲ್ಲಿ ಮದ್ರಾಸಿನಲ್ಲಿದ್ದ ಫ್ರಾನ್ಸಿಸ್ ವೈಟ್ ಎಲ್ಲಿಸ್ ಎಂಬ ಅಧಿಕಾರಿ ಇಂಥದೇ ಪಟ್ಟಿಗಳನ್ನು ಇಟ್ಟುಕೊಂಡು ತೋರಿಸಿದ. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ಅದನ್ನೇ ದೊಡ್ಡ ವ್ಯಾಕರಣ ಗ್ರಂಥವಾಗಿ ಬೆಳೆಸಿದ. "ಹಾಗಾದರೆ ನಾನೂ ಅದನ್ನೇ ಮಾಡ್ತಿದೀನಿ" ಎಂದು ಪುಟ್ಟಿ ಬೀಗಿದಳು. ಹೌದು, ಅದನ್ನೇ.

ಕೋಲಾರಮ್ಮನ ಗೋಡೆ

ಕೋಲಾರದ ಹೆಸರಿಗೆ ಎಲ್ಲರಿಗೂ ಗೊತ್ತಿರುವ ಕಥೆ ಒಂದಿದೆ. ಶತಶೃಂಗ ಪರ್ವತದ ಮೇಲೆ ಪರಶುರಾಮನಿಗೂ ಕಾರ್ತವೀರ್ಯಾರ್ಜುನನಿಗೂ ಯುದ್ಧವಾಗಿ ಕೋಲಾಹಲವೆದ್ದಿತು, ಅದಕ್ಕೇ ಇದು ಕೋಲಾಹಲಪುರ ಎಂದು. ಪುಟ್ಟಿ ಅದನ್ನು ಕಥೆಯ ಪುಟದಲ್ಲಿ ಬರೆದಳು. ಕಲ್ಲಿನ ಪುಟದಲ್ಲಿ ಬರೆಯಬೇಕಾದದ್ದು ಬೇರೆ. ಶಾಸನಗಳಲ್ಲಿ ಈ ಊರು ಕುವಳಾಲ. ಅದೇ ಸವೆದು ಕೋಳಾಲವಾಗಿ, ಕೋಲಾರವಾಯಿತು. ಗಂಗರು ಸುಮಾರು 4ನೇ ಶತಮಾನದಲ್ಲಿ ತಮ್ಮ ರಾಜ್ಯ ಕಟ್ಟಿದ್ದು ಇಲ್ಲಿಂದಲೇ. ಆಮೇಲೆ ರಾಜಧಾನಿ ಕಾವೇರಿ ದಡದ ತಲಕಾಡಿಗೆ ಹೋಯಿತು. ಆದರೆ ನೂರಾರು ವರ್ಷ ಕಳೆದ ಮೇಲೂ ಗಂಗರ ಅರಸರು ತಮ್ಮನ್ನು 'ಕುವಳಾಲಪುರವರೇಶ್ವರ' ಎಂದೇ ಕರೆದುಕೊಂಡರು.

"ಬೆಂಗಳೂರಿಗೆ ಬಂದು ಮೂವತ್ತು ವರ್ಷ ಆದರೂ ನಿಮ್ಮಮ್ಮ 'ನಾವು ಶ್ರೀನಿವಾಸಪುರದೋರು' ಅಂತಾಳಲ್ಲ, ಹಾಗೆ" ಎಂದರು ನಮ್ಮವರು. ಗಂಗರಿಗೂ ನನಗೂ ಇಷ್ಟು ಹತ್ತಿರದ ಸಂಬಂಧ ಇದೆಯೆಂದು ನನಗೆ ಅಂದೇ ತಿಳಿದದ್ದು.

ಕೋಲಾರಮ್ಮನ ಗುಡಿ ತಂಪಾಗಿತ್ತು. ಗೋಡೆಯ ಕೆಳಭಾಗದಲ್ಲಿ ಸಾಲುಸಾಲು ಅಕ್ಷರ. ಪುಟ್ಟಿ ಬೆರಳಿಟ್ಟು ಓದಲು ಹೋಗಿ ಸೋತಳು. ಅದು ಕನ್ನಡವಲ್ಲ, ತಮಿಳು. ಸಾವಿರ ವರ್ಷದ ಹಿಂದೆ ಗಂಗರ ನಾಡು ಚೋಳರ ಕೈಸೇರಿತು. 1014ರಿಂದ 1044ರವರೆಗೆ ಆಳಿದ ರಾಜೇಂದ್ರ ಚೋಳನ ಕಾಲದ ಶಾಸನಗಳು ಇಲ್ಲಿವೆ. ಅವುಗಳಲ್ಲಿ ಈ ದೇವಿಯನ್ನು ಪಿಡಾರಿ ಎಂದು ಕರೆದಿದ್ದಾರೆ. ತಮಿಳರ ಗ್ರಾಮದೇವತೆಯ ಹೆಸರು ಅದು. ಕೋಲಾರ ಜಿಲ್ಲೆಯ ಶಾಸನಗಳನ್ನೆಲ್ಲ ಬಿ.ಎಲ್. ರೈಸ್ ಅವರು ಸೇರಿಸಿ 1905ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ 10ನೇ ಸಂಪುಟವಾಗಿ ಹೊರತಂದರು. ಆ ಸಂಪುಟ ತೆರೆದರೆ ಕನ್ನಡ, ತಮಿಳು, ತೆಲುಗು ಶಾಸನಗಳು ಅಕ್ಕಪಕ್ಕದಲ್ಲೇ ಕೂತಿವೆ.

ಅದೇ ಆವರಣದಲ್ಲಿ ಚೇಳಮ್ಮನೂ ಇದ್ದಾಳೆ. ಚೇಳಿನ ಕಾಟ ತಪ್ಪಲೆಂದು ಜನ ಹರಕೆ ಹೊರುತ್ತಾರೆ. ಅವ್ವ ಕೈಮುಗಿದು, "ತೇಲು ಕುಟ್ಟಕುಂಡಾ ಚೂಡು ತಲ್ಲಿ" ಎಂದಳು. ಚೇಳು ಕಡಿಯದ ಹಾಗೆ ನೋಡಿಕೋ ತಾಯಿ. ಪಕ್ಕದಲ್ಲಿದ್ದ ತಮಿಳು ಹೆಂಗಸೊಬ್ಬರು ನಕ್ಕು, "ನಾವು ತೇಳ್ ಅಂತೀವಿ" ಎಂದರು. ಚೇಳು, ತೇಲು, ತೇಳ್. ದೇವಿಗೆ ಮೂರೂ ಅರ್ಥವಾಗುತ್ತದೆ. ಗುಡಿಯಲ್ಲಿ ಯಾರೂ ಯಾರ ಮಾತಿಗೂ ನಗಲಿಲ್ಲ. ಪುಟ್ಟಿ ಇದನ್ನೆಲ್ಲ ನೋಡುತ್ತಾ ನಿಂತಿದ್ದಳು.

ಮನೆಗೂ ಬಾಯಿ ಉಂಟು

ಕೋಲಾರದಿಂದ ಮುಳಬಾಗಿಲಿಗೆ ಸುಮಾರು 30 ಕಿಲೋಮೀಟರು. ಮುಳಬಾಗಿಲಿಗೆ ಹೋಗಿ ದೋಸೆ ತಿನ್ನದೆ ಬಂದವರು ಯಾರೂ ಇಲ್ಲ. ನಾವೂ ಮೊದಲು ಆ ಕೆಲಸ ಮುಗಿಸಿದೆವು. ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ಪುಟ್ಟಿ ಎರಡು ತಿಂದಳು.

'ಮೂಡಲ ಬಾಗಿಲು' ಎಂಬುದೇ ಮುಳಬಾಗಿಲು ಆಯಿತು ಎಂಬುದು ಎಲ್ಲರ ಬಾಯಲ್ಲಿರುವ ಮಾತು. ಪೂರ್ವಕ್ಕೆ ಘಟ್ಟ ಇಳಿದು ಹೋಗುವವರಿಗೆ ಇದು ನಿಜಕ್ಕೂ ಬಾಗಿಲೇ. ಶಾಸನಗಳಲ್ಲಿ ಹೆಸರು ಮುಳುವಾಯಿ. ವಿಜಯನಗರದ ಕಾಲದಲ್ಲಿ ಮುಳುವಾಯಿ ರಾಜ್ಯ ಎಂದೇ ಈ ಸೀಮೆಗೆ ಹೆಸರಿತ್ತು. ಬುಕ್ಕರಾಯನ ಮಗ ಕುಮಾರ ಕಂಪಣ ಇಲ್ಲಿದ್ದು ಆಳಿದ. ಮಧುರೆಯ ಮೇಲೆ ದಂಡೆತ್ತಿ ಹೋಗಿ ಗೆದ್ದವನು ಅವನೇ. ಆ ಕಥೆಯನ್ನು ಅವನ ಹೆಂಡತಿ ಗಂಗಾದೇವಿ 'ಮಧುರಾ ವಿಜಯ' ಎಂಬ ಸಂಸ್ಕೃತ ಕಾವ್ಯವಾಗಿ ಬರೆದಳು. ದಾಸಸಾಹಿತ್ಯದ ಹಿರಿಯರಾದ ಶ್ರೀಪಾದರಾಜರ ಬೃಂದಾವನ ಇರುವುದು ಇಲ್ಲಿನ ನರಸಿಂಹ ತೀರ್ಥದಲ್ಲಿ. ಡಿ.ವಿ.ಜಿ. ಹುಟ್ಟಿದ್ದು 1887ರಲ್ಲಿ, ಇದೇ ಊರಿನಲ್ಲಿ.

"ಮುಳುವಾಯಿ ಹೋಗಿ ಮುಳಬಾಗಿಲು ಹೇಗಾಯ್ತು? ವಾಯಿ ಎಲ್ಲಿ, ಬಾಗಿಲು ಎಲ್ಲಿ?" ಎಂದಳು ಪುಟ್ಟಿ.

ಇಲ್ಲಿ ಇನ್ನೊಂದು ಆಟ. ತಮಿಳಿನಲ್ಲಿ, ತೆಲುಗಿನಲ್ಲಿ ವಕಾರ ಇರುವ ಎಷ್ಟೋ ಕಡೆ ಕನ್ನಡದಲ್ಲಿ ಬಕಾರ ಇರುತ್ತದೆ. ತಮಿಳಿನ ವಾ ನಮ್ಮ ಬಾ. ತೆಲುಗಿನ ವೇರು ನಮ್ಮ ಬೇರು. ತಮಿಳಿನ ವೆಳ್ಳಿ ನಮ್ಮ ಬೆಳ್ಳಿ. ಹಾಗೆಯೇ ತಮಿಳಿನ ವಾಯ್ ನಮ್ಮ ಬಾಯಿ. ಬಾಯಿಯ ಜೊತೆ ಮನೆ ಎಂಬ ಅರ್ಥದ ಇಲ್ ಸೇರಿದರೆ ಮನೆಯ ಬಾಯಿ. ತಮಿಳಿನಲ್ಲಿ ಅದು ವಾಯಿಲ್, ಕನ್ನಡದಲ್ಲಿ ಬಾಗಿಲು. ತೆಲುಗಿನಲ್ಲಿ?

ಪುಟ್ಟಿ ಅವ್ವನ ಕಡೆ ತಿರುಗಿದಳು. "ಅವ್ವಾ, ಬಾಗಿಲಿಗೆ ಏನಂತೀಯ?"

"ವಾಕಿಲಿ" ಎಂದಳು ಅವ್ವ. ಸ್ವಲ್ಪ ಹೊತ್ತು ಬಿಟ್ಟು, "ಬಾಯಿ ಮುಚ್ಕೊಂಡ್ರೆ ಮನೇಗೆ ಯಾರು ಬರ್ತಾರೆ?" ಎಂದಳು. ಯಾರಿಗೆ ಹೇಳಿದಳೋ ಗೊತ್ತಿಲ್ಲ. ಪುಟ್ಟಿ ತಲೆ ತಗ್ಗಿಸಿ ಬರೆಯತೊಡಗಿದಳು.

ಮುಳಬಾಗಿಲಿನ ಹತ್ತಿರವೇ ಇರುವ ಕುರುಡುಮಲೆಗೂ ಹೋದೆವು. ಆಳೆತ್ತರ ಮೀರಿದ ಗಣಪನ ಮುಂದೆ ನಿಂತು ಪುಟ್ಟಿ ಕೇಳಿದ್ದು, "ಇಲ್ಲಿ ಕುರುಡರು ಯಾರು?" ಎಂದು. ಯಾರೂ ಇಲ್ಲ. ಬ್ರಹ್ಮ, ವಿಷ್ಣು, ಮಹೇಶ್ವರರು ಕೂಡಿದ ಮಲೆ ಕೂಡುಮಲೆ, ಅದೇ ಜನರ ಬಾಯಲ್ಲಿ ತಿರುಗಿ ಕುರುಡುಮಲೆಯಾಯಿತು ಎಂದು ಇಲ್ಲಿಯವರು ಹೇಳುತ್ತಾರೆ. ಸದ್ದಿಗೆ ಮೋಸಹೋಗಬಾರದು ಎಂಬುದಕ್ಕೆ ಇದೂ ಒಂದು ಪಾಠ.

ಗುಡಿಯ ಜಗಲಿಯಲ್ಲಿ ಕೂತು ಚಕ್ಕುಲಿ ತಿನ್ನುವಾಗ ನಾನು ಪುಟ್ಟಿಗೆ ಒಂದು ದೂರದ ಸಂಗತಿ ಹೇಳಿದೆ. ಪಾಕಿಸ್ತಾನದ ಬಲೂಚಿಸ್ತಾನದಲ್ಲಿ, ಇಲ್ಲಿಂದ 2000 ಕಿಲೋಮೀಟರಿಗೂ ಆಚೆ, ಬ್ರಾಹೂಯಿ ಎಂಬ ಭಾಷೆ ಆಡುವ ಜನರಿದ್ದಾರೆ. ಸುತ್ತಲೂ ಬಲೂಚಿ, ಪಷ್ತೋ ಭಾಷೆಗಳು. ನಡುವೆ ಇವರದು ಮಾತ್ರ ನಮ್ಮ ಕುಟುಂಬದ ಭಾಷೆ. ಕಣ್ಣಿಗೆ ಅವರು ಖನ್ ಎನ್ನುತ್ತಾರೆ. ಕಲ್ಲಿಗೆ ಖಲ್. ಬಾಯಿಗೆ ಬಾ.

"ಹಾಲಿಗೆ?" ಎಂದಳು ಪುಟ್ಟಿ.

"ಪಾಲ್ಹ್."

ಅವ್ವ ಚಕ್ಕುಲಿ ಮುರಿಯುವುದನ್ನು ನಿಲ್ಲಿಸಿದಳು. "ಎಲ್ಲಿ? ಪಾಕಿಸ್ತಾನದಾಗಾ? ಪಾಲೇ ಅಂತಾರಾ?" ಎಂದು ಎರಡೆರಡು ಸಲ ಕೇಳಿದಳು. ಎಂದೋ, ಎಷ್ಟೋ ಸಾವಿರ ವರ್ಷಗಳ ಹಿಂದೆ, ಕನ್ನಡ, ತೆಲುಗು, ತಮಿಳು ಎಂದು ಬೇರೆಯಾಗುವ ಮುಂಚೆ ಯಾವಳೋ ತಾಯಿ ತನ್ನ ಮಗುವಿಗೆ ಹಾಲು ಕೊಡುವಾಗ ಆಡಿದ ಮಾತು ಅದು. ಅವಳ ಮಕ್ಕಳು ಮೊಮ್ಮಕ್ಕಳು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದರು. ಮಾತನ್ನು ಮಾತ್ರ ಜೊತೆಗೇ ಕೊಂಡೊಯ್ದರು.

ಹೋದ ಮಾವು, ಬಂದ ರಾಗಿ

ಶ್ರೀನಿವಾಸಪುರ ಹತ್ತಿರವಾದಂತೆ ರಸ್ತೆಯ ಎರಡೂ ಕಡೆ ಮಾವಿನ ತೋಪು. ಬಾದಾಮಿ, ರಸಪುರಿ, ನೀಲಂ, ತೋತಾಪುರಿ ಎಂದು ಅವ್ವ ಎಲೆ ನೋಡಿಯೇ ಗುರುತಿಸುತ್ತಾಳೆ. ಮಾವಿಗೆ ಅವಳು ಮಾಮಿಡಿ ಎನ್ನುತ್ತಾಳೆ. ತಮಿಳಿನಲ್ಲಿ ಮಾ ಎಂಬುದಕ್ಕೆ ಕಾಯ್ ಸೇರಿ ಮಾಂಗಾಯ್. ಈ ಮಾತು ಹಡಗು ಹತ್ತಿತು. ಮಲಯ ನಾಡಿನಲ್ಲಿ ಅದು ಮಂಗಾ ಆಯಿತು. ಕೇರಳಕ್ಕೆ ಬಂದಿಳಿದ ಪೋರ್ಚುಗೀಸರ ಬಾಯಲ್ಲೂ ಮಂಗಾ ಆಯಿತು. ಅಲ್ಲಿಂದ ಇಂಗ್ಲಿಷಿನ ಮ್ಯಾಂಗೊ.

ಮಲಯ ನಾಡೆಂದರೆ ಎಷ್ಟು ದೂರ! ಆದರೆ ಕೋಲಾರಮ್ಮನ ಗೋಡೆಯ ಮೇಲೆ ಯಾರ ಕಾಲದ ಶಾಸನ ನೋಡಿದೆವೋ ಆ ರಾಜೇಂದ್ರ ಚೋಳನ ನೌಕಾಪಡೆ 1025ರಲ್ಲಿ ಅಲ್ಲಿಯವರೆಗೂ ಹೋಗಿತ್ತು. ವರ್ತಕರಂತೂ ಮೊದಲಿನಿಂದಲೂ ಹೋಗಿಬರುತ್ತಿದ್ದರು. ನಮ್ಮ ಐಹೊಳೆಯ ಹೆಸರು ಹೊತ್ತ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕರ ಸಂಘವನ್ನು ಹೆಸರಿಸುವ 1088ರ ತಮಿಳು ಶಾಸನವೊಂದು ಇಂಡೋನೇಷ್ಯದ ಸುಮಾತ್ರ ದ್ವೀಪದಲ್ಲಿ ಸಿಕ್ಕಿದೆ. ಮೂಟೆಯ ಜೊತೆ ಮಾತೂ ಹೋಗುತ್ತದೆ. ಅದಕ್ಕೆ ಸುಂಕವಿಲ್ಲ.

ಹೋದದ್ದು ಮಾತ್ರವಲ್ಲ, ಬಂದದ್ದೂ ಉಂಟು. ನಮ್ಮ ಜೀವವೇ ಆಗಿರುವ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು. ಬಹು ಹಿಂದೆಯೇ ಕಡಲು ದಾಟಿ ಬಂದು ಇಲ್ಲಿಯದೇ ಆಗಿಬಿಟ್ಟಿದೆ. ನಾನು ಮುದ್ದೆ ಎನ್ನುತ್ತೇನೆ, ಅವ್ವ ಸಂಗಟಿ ಎನ್ನುತ್ತಾಳೆ. ಹೊಟ್ಟೆ ತುಂಬುವುದು ಎರಡರಲ್ಲೂ ಒಂದೇ ಸಮ.

ಶ್ರೀನಿವಾಸಪುರದ ಹಳೆಯ ಹೆಸರು ಪಾಪನಪಲ್ಲಿ. ಮೈಸೂರಿನ ದಿವಾನರಾಗಿದ್ದ ಪೂರ್ಣಯ್ಯನವರು ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಈ ಊರಿಗೆ ಇಟ್ಟರು. ಪಲ್ಲಿ ಹೋಗಿ ಪುರ ಬಂತು. ಆದರೆ ಗೌನಿಪಲ್ಲಿಯಂಥ ಊರುಗಳು ಈ ತಾಲ್ಲೂಕಿನಲ್ಲಿ ಇನ್ನೂ ಪಲ್ಲಿಗಳಾಗಿಯೇ ಇವೆ. ನಮ್ಮ ಪುಟ್ಟ ಊರಿನ ಹೆಸರು ಕಾಗದದಲ್ಲಿ 'ಹಳ್ಳಿ' ಎಂದು ಮುಗಿಯುತ್ತದೆ, ಜನರ ಬಾಯಲ್ಲಿ 'ಪಲ್ಲಿ' ಎಂದು. ಬೆಳಗ್ಗೆಯಾಗಿದ್ದರೆ ಪುಟ್ಟಿ ಇದರಲ್ಲಿ ಯಾವುದು ಸರಿ ಎಂದು ಕೇಳುತ್ತಿದ್ದಳು. ಈಗ ಕೇಳಲಿಲ್ಲ. ಎರಡನ್ನೂ ಅಕ್ಕಪಕ್ಕ ಬರೆದುಕೊಂಡಳು.

ಹೆಂಚು ಇಳಿಯಿತು

ನಾವು ತಲುಪುವ ಹೊತ್ತಿಗೆ ಅರ್ಧ ಸೂರು ಇಳಿದಿತ್ತು. ಏಣಿಯ ಮೇಲಿದ್ದವನು ಕೊಟ್ಟ ಹೆಂಚನ್ನು ಕೆಳಗಿದ್ದವನು ಇಸಿದುಕೊಂಡು ಜೋಡಿಸುತ್ತಿದ್ದ. ಇಷ್ಟು ವರ್ಷ ಕತ್ತಲಾಗಿದ್ದ ನಡುಮನೆಯಲ್ಲಿ ಬಿಸಿಲು ಬಿದ್ದಿತ್ತು. ಅವ್ವ ಒಳಗೆ ಹೋಗಲಿಲ್ಲ. ಹೊಸಲಿನ ಹತ್ತಿರ ನಿಂತು ಬಾಗಿಲುವಾಡವನ್ನು ಸವರಿದಳು. ಮದುವೆಯಾಗಿ ಬಂದ ದಿನ ಸೇರು ಒದ್ದು ಒಳಗೆ ಹೋದ ಬಾಗಿಲು ಅದು.

ಪುಟ್ಟಿ ಪುಸ್ತಕ ತೆರೆದು ಅವಳ ಪಕ್ಕ ನಿಂತಳು. "ಅವ್ವಾ, ಇದಕ್ಕೆ ಏನಂತಾರೆ? ಅದಕ್ಕೆ?" ಅವ್ವ ಹೇಳುತ್ತಾ ಹೋದಳು. ಹೊಸಲು ಗಡಪ, ಗೋಡೆ ಗೋಡ, ಒಲೆ ಪೊಯ್ಯಿ, ಬಾವಿ ಬಾವಿ. ಕೆಲವು ನಮ್ಮ ಮಾತಿನ ಹಾಗಿದ್ದವು, ಕೆಲವು ಇರಲಿಲ್ಲ. ಎರಡನ್ನೂ ಬರೆದುಕೊಂಡಳು. ಒಂದೊಂದು ಮಾತಿನ ಹಿಂದೆಯೂ ಒಂದು ಕಥೆ ಬಂತು. ಒಲೆಯ ಹತ್ತಿರ ಹಾವು ಬಂದದ್ದು, ಬಾವಿಗೆ ನನ್ನ ಅಣ್ಣ ತಾಮ್ರದ ಬಿಂದಿಗೆ ಬೀಳಿಸಿದ್ದು. ಹತ್ತು ದಿನದ ಮಾತು ಒಂದು ಗಂಟೆಯಲ್ಲಿ ಸುರಿಯಿತು.

ಆಮೇಲೆ ಪುಟ್ಟಿ ನನ್ನ ಅಣ್ಣನ ಹತ್ತಿರ ಹೋಗಿ, "ಮಾವ, ವಾಕಿಲಿ ಮಾತ್ರ ಸೌದೆಗೆ ಹಾಕಬೇಡ. ಹೊಸ ಮನೇಲೂ ಅದೇ ಇಡು" ಎಂದಳು. ಅಣ್ಣ ಅವಳ ಬಾಯಲ್ಲಿ ಆ ಮಾತು ಕೇಳಿ ಬೆರಗಾದ. ಮುಂದಿನ ಬಾಗಿಲಿಗೆ ಅಳತೆ ಹೊಂದುವುದಿಲ್ಲ, ಹಿತ್ತಲ ಬಾಗಿಲಿಗೆ ಕೂರಿಸುತ್ತೇನೆ ಎಂದ. ಅಷ್ಟಾದರೂ ಆಯಿತು.

ಅತ್ತಿಗೆ ಹಸುವಿನ ಹಾಲು ಕಾಯಿಸಿ ತಂದರು. ಪುಟ್ಟಿ ಲೋಟವನ್ನು ತೆಗೆದುಕೊಳ್ಳದೆ ಅವ್ವನ ಮುಂದೆ ಹೋಗಿ ನಿಂತು, ಓದಿ ಕಲಿತವಳಂತೆ ಒಂದೊಂದೇ ಮಾತು ಬಿಡಿಸಿ, "ಅವ್ವಾ, ನಾಕು ಪಾಲು ಕಾವಾಲ" ಎಂದಳು. ಅವ್ವ ತನ್ನ ಕೈಯಿಂದಲೇ ಆರಿಸಿ ಕೊಟ್ಟಳು. ಪುಟ್ಟಿ ಅರ್ಧ ಕುಡಿದು, "ಅವ್ವಾ, ಆವತ್ತು ನಾನು..." ಎಂದು ಶುರು ಮಾಡಿದಳು. ಮುಂದಿನ ಮಾತು ಹೊರಡಲಿಲ್ಲ.

"ಪೋನೀಲೇ" ಎಂದಳು ಅವ್ವ, ಅವಳ ಮೇಲ್ತುಟಿಯ ಮೇಲಿನ ಕೆನೆಯನ್ನು ಸೆರಗಿನಿಂದ ಒರೆಸುತ್ತಾ.

ರಾತ್ರಿ ಕಾರಿನಲ್ಲಿ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಪುಟ್ಟಿ ನಿದ್ದೆ ಹೋಗಿದ್ದಳು. ಜಾರಿ ಬಿದ್ದಿದ್ದ ಪುಸ್ತಕವನ್ನು ಎತ್ತಿಕೊಂಡು ನಾನು ಮೊಬೈಲಿನ ಬೆಳಕಿನಲ್ಲಿ ನೋಡಿದೆ. ಪುಟದ ತುದಿಯವರೆಗೂ ಎರಡು ಸಾಲು ಮಾತುಗಳು. ಪುಲಿ, ಹುಲಿ. ಪೆಂಕು, ಹೆಂಚು. ಪಾಲು, ಹಾಲು. ಕೊನೆಯಲ್ಲಿ ಹೊಸದೊಂದು ಸೇರಿತ್ತು: ಪೋನೀಲೇ, ಹೋಗಲಿ ಬಿಡು. ಅದರ ಮುಂದೆ ಕೆಂಪು ಪೆನ್ನಿನಲ್ಲಿ, 'ಇದರಲ್ಲೂ ಪ ಹೋಗಿ ಹ ಬಂದಿದೆ' ಎಂದು ಬರೆದಿದ್ದಳು.